ತಾನಾಗಿ ತೆರೆದ ಪೆಟ್ಟಿಗೆ

ಕಪಿಲೆಯ ದಡದಲ್ಲಿ ಆ ಆಶ್ರಮವಿದೆ. ಬಾಗಿಲಲ್ಲಿ ಹೆಸರಿನ ಹಲಗೆ ಇಲ್ಲ. ಬರಬೇಕಾದವರಿಗೆ ಯಾರೋ ದಾರಿ ಹೇಳಿರುತ್ತಾರೆ. ಬರಬಾರದವರಿಗೆ ದಾರಿ ತೋರಿಸುವ ಅಗತ್ಯವಿಲ್ಲ.

ಅಲ್ಲಿನ ಗುರು ದಾಕ್ಷಾಯಿಣಮ್ಮ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಕರೆಗಳನ್ನು ಜೋಡಿಸಿದವರು. ಕಾವಿ ಉಡುವುದಿಲ್ಲ, ಪ್ರವಚನ ಮಾಡುವುದಿಲ್ಲ. ಎಲ್ಲರೂ ಅವರನ್ನು ಅಮ್ಮ ಅನ್ನುತ್ತಾರೆ.

ಮನೆಯಲ್ಲಿ ಏಟು ತಿಂದು ಓಡಿಬಂದ ಹೆಂಗಸರು ಅಲ್ಲಿ ಹತ್ತು ದಿನವೋ ಒಂದು ತಿಂಗಳೋ ಇರುತ್ತಾರೆ. ಆಮೇಲೆ ಅಮ್ಮ ಅವರಿಗೆ ದೂರದ ಊರಲ್ಲಿ ಒಂದು ಕೋಣೆ, ಒಂದು ಕೆಲಸ ಹುಡುಕಿ ಕಳಿಸುತ್ತಾರೆ. ಯಾರು ಯಾವ ಊರಿಗೆ ಹೋದರು ಎಂಬುದು ಅಮ್ಮನಿಗೆ ಗೊತ್ತು, ಪೆಟ್ಟಿಗೆಗೆ ಗೊತ್ತು.

ಪೆಟ್ಟಿಗೆ ಎಂದರೆ ಸರ್ವರ್. ಉಗ್ರಾಣದ ಮೂಲೆಯಲ್ಲಿ, ರಾಗಿ ಮೂಟೆಗಳ ಪಕ್ಕದಲ್ಲಿ ಕೂತಿದ್ದ ಒಂದು ಸಣ್ಣ ಕಪ್ಪು ಲಿನಕ್ಸ್ ಕಂಪ್ಯೂಟರ್. ಹೆಂಗಸರ ಹೊಸ ವಿಳಾಸ, ಮಕ್ಕಳ ಶಾಲೆ, ಆಸ್ಪತ್ರೆಯ ಚೀಟಿ, ಗಾಯದ ಫೋಟೊ ಎಲ್ಲವೂ ಅದರೊಳಗೆ. ಅದರ ಡಿಸ್ಕಿಗೆ ಬೀಗವಿತ್ತು. ಪಾಸ್‌ವರ್ಡ್ ಒತ್ತಿದರೆ ಮಾತ್ರ ಒಳಗಿರುವುದನ್ನು ಓದಬಹುದು. ಒತ್ತದಿದ್ದರೆ ಅಲ್ಲಿರುವುದು ಬರೀ ಕಸ.

ಅದನ್ನು ನೋಡಿಕೊಳ್ಳುತ್ತಿದ್ದವನು ಶಿವಮಲ್ಲು. ಮೂವತ್ತಾರು ವರ್ಷದವನು. ಮೊದಲು ಮೈಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ. ಒಂದು ದಿನ ಪ್ರಿನ್ಸಿಪಾಲರ ಮೇಜಿಗೆ ಕೀಬೋರ್ಡ್ ಅಪ್ಪಳಿಸಿ ಎರಡು ತುಂಡು ಮಾಡಿ, ಕೆಲಸ ಬಿಟ್ಟು ಹೊರಬಂದ.

ಆಶ್ರಮಕ್ಕೆ ಬಂದ ದಿನ ಅಮ್ಮನ ಮುಂದೆ ನೆಲದ ಮೇಲೆ ಕೂತ.

"ಅಮ್ಮ, ನನಗೆ ಕೋಪ ಜಾಸ್ತಿ. ಬಿಡಿಸಿಕೊಡಿ."

"ನನಗೂ ಜಾಸ್ತಿ ಕಣಪ್ಪ. ಬಿಡಿಸೋಕೆ ಬರಲ್ಲ," ಅಂದರು ಅಮ್ಮ. "ಕಂಪ್ಯೂಟರ್ ಬರುತ್ತಾ ನಿನಗೆ?"

"ಬರುತ್ತೆ."

"ಹಾಗಾದರೆ ಇರು."

ಅವನು ಉಳಿದ.

ಆ ಬೇಸಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಪೆಟ್ಟಿಗೆಯ ಯುಪಿಎಸ್ ಹಳೆಯದು, ಹತ್ತು ನಿಮಿಷಕ್ಕೆ ಕೈಬಿಡುತ್ತಿತ್ತು. ಕರೆಂಟ್ ಮರಳಿದ ಮೇಲೆ ಪೆಟ್ಟಿಗೆ ತಾನಾಗಿ ಏಳುತ್ತಿತ್ತು, ಆದರೆ ಅರ್ಧ ದಾರಿಗೆ ನಿಲ್ಲುತ್ತಿತ್ತು. ಪರದೆಯ ಮೇಲೆ ಒಂದೇ ಸಾಲು: ಪಾಸ್‌ವರ್ಡ್ ಕೊಡು.

ಅದು ಗೊತ್ತಿದ್ದದ್ದು ಇಬ್ಬರಿಗೇ. ಅಮ್ಮನಿಗೆ ಮತ್ತು ಶಿವಮಲ್ಲುವಿಗೆ. ಮೂವತ್ತೆರಡು ಅಕ್ಷರ. ಎಲ್ಲೂ ಬರೆದಿಡಬಾರದು, ಇನ್ನೊಬ್ಬರಿಗೆ ಹೇಳಬಾರದು, ಪೆಟ್ಟಿಗೆಯ ಮುಂದೆ ಕೂತು ಕೈಯಾರೆ ಒತ್ತಬೇಕು. ಅದು ಅಮ್ಮನ ಕಟ್ಟಳೆ.

ಶಿವಮಲ್ಲು ತೋಟದಿಂದ ಓಡಿ ಬಂದು ಒತ್ತುತ್ತಿದ್ದ. ಸ್ನಾನದ ನಡುವೆ ಎದ್ದು ಬಂದು ಒತ್ತುತ್ತಿದ್ದ. ಊಟದ ಎಲೆ ಬಿಟ್ಟು, ಎಡಗೈಯಲ್ಲಿ ಒತ್ತುತ್ತಿದ್ದ. ಒಂದು ಅಕ್ಷರ ತಪ್ಪಿದರೆ ಮತ್ತೆ ಮೊದಲಿಂದ.

ಒಂದು ದಿನ ಹಾಗೆ ಐದನೆಯ ಸಲ ಒತ್ತಿ ಬಂದವನು ಅಮ್ಮನ ಮುಂದೆ ನಿಂತ.

"ಅಮ್ಮ, ಇದು ತಾನಾಗೇ ತೆರೆಯೋ ಹಾಗೆ ಮಾಡಿಬಿಡ್ತೀನಿ."

"ಯಾರಿಗೆ?"

"ಯಾರಿಗೆ ಅಂದರೆ? ಯಾರಿಗೂ ಅಲ್ಲ. ತಾನಾಗೇ."

"ತಾನಾಗೇ ಅಂದರೆ ಎಲ್ಲರಿಗೂ ಅಂತ," ಅಂದರು ಅಮ್ಮ. "ಬೇಡ."

"ನಾನೇನು ನಾಯಿಯಾ, ಅದು ಕೂಗಿದಾಗೆಲ್ಲ ಓಡಿ ಬರೋಕೆ?"

"ಓಡಬೇಡ. ನಡೆದು ಬಾ."

ಅವನು ಹಲ್ಲು ಕಚ್ಚಿಕೊಂಡು ಹೊಳೆಯ ಕಡೆ ಹೋದ. ಅರ್ಧ ತಾಸು ನೀರಿಗೆ ಕಲ್ಲು ಬೀರಿದ.

ಆಗ ಆಶ್ರಮದಲ್ಲಿ ಭಾಗೀರಥಿ ಎಂಬ ಹೆಂಗಸಿನ ವಿಷಯ ನಡೆಯುತ್ತಿತ್ತು. ಅವಳ ಗಂಡನಿಗೆ ಸಿಮೆಂಟ್ ಅಂಗಡಿ. ಅವಳ ಬಲಗೈ ಮುರಿದದ್ದು ಅವನಿಂದ. ಎಂಟು ವರ್ಷದ ಮಗಳನ್ನು ಕರೆದುಕೊಂಡು ಓಡಿಬಂದವಳನ್ನು ಅಮ್ಮ ಪಕ್ಕದ ಜಿಲ್ಲೆಯ ಒಂದು ಊರಲ್ಲಿ ಇರಿಸಿದ್ದರು. ಅಲ್ಲಿ ಒಂದು ಹೊಲಿಗೆ ಘಟಕದಲ್ಲಿ ಕೆಲಸ. ಗಂಡ ಹತ್ತಿರ ಬಾರದಂತೆ ಆದೇಶ ಕೊಡಿ ಎಂದು ತಾಲೂಕು ಕೋರ್ಟಿನಲ್ಲಿ ಅರ್ಜಿ ಹಾಕಿದ್ದಳು.

ವಿಚಾರಣೆಯ ದಿನ ಅಮ್ಮ ಅವಳ ಜೊತೆಗೆ ಕೋರ್ಟಿಗೆ ಹೋದರು. ಶಿವಮಲ್ಲುವನ್ನು ಮೈಸೂರಿಗೆ ಕಳಿಸಿದ್ದರು, ಯುಪಿಎಸ್‌ಗೆ ಹೊಸ ಬ್ಯಾಟರಿ ತರಲು. ಆಶ್ರಮದಲ್ಲಿ ಉಳಿದವಳು ಅಡುಗೆಯ ಚಿಕ್ಕತಾಯಮ್ಮ.

ಎದುರು ವಕೀಲ ಹೊಸ ತಕರಾರು ತೆಗೆದ. ಮುರಿದ ಕೈಯ ಫೋಟೊ ತೆಗೆದ ದಿನ ಯಾವುದು, ಸಮಯ ಯಾವುದು, ಮೂಲ ಪ್ರತಿ ತೋರಿಸಿ ಅಂದ. ಭಾಗೀರಥಿಯ ವಕೀಲೆ ಎದ್ದು, ಅವೆಲ್ಲ ಆಶ್ರಮದ ಕಂಪ್ಯೂಟರಿನಲ್ಲಿವೆ, ಈಗಲೇ ತರಿಸುತ್ತೇವೆ ಅಂದರು. ನ್ಯಾಯಾಧೀಶರು ಊಟದ ಹೊತ್ತಿನವರೆಗೆ ಸಮಯ ಕೊಟ್ಟರು.

ಆಶ್ರಮದಲ್ಲಿ ಕರೆಂಟ್ ಹೋಗಿ ಬಂದಿತ್ತು. ಪೆಟ್ಟಿಗೆ ಪಾಸ್‌ವರ್ಡ್ ಕೇಳುತ್ತ ಕೂತಿತ್ತು. ಅಮ್ಮ ಕೋರ್ಟಿನಿಂದ ಹೋಗಿ ಬರುವಷ್ಟು ಹೊತ್ತಿರಲಿಲ್ಲ.

ಗಂಡನ ಕಡೆಯವರೂ ನಿಂತಿದ್ದ ಕೋರ್ಟಿನ ಮೊಗಸಾಲೆಯಿಂದಲೇ ವಕೀಲೆ ಶಿವಮಲ್ಲುವಿಗೆ ಫೋನ್ ಮಾಡಿದರು. "ಶಿವಮಲ್ಲು, ಎಲ್ಲಿದ್ದೀರಿ? ಆ ಪೆಟ್ಟಿಗೆ ತೆರೆಯೋಕೆ ನೀವೇ ಬೇಕಂತೆ." ಅವನು ಮೈಸೂರಿನ ಬಸ್ ನಿಲ್ದಾಣದಲ್ಲಿ ಬ್ಯಾಟರಿ ಹೊತ್ತು ನಿಂತಿದ್ದ. ಎರಡು ತಾಸಿನ ದಾರಿ.

"ಅಮ್ಮನಿಗೆ ಕೊಡಿ," ಅಂದ.

ಅಮ್ಮ ಫೋನ್ ತೆಗೆದುಕೊಂಡರು.

"ಅಮ್ಮ, ಚಿಕ್ಕತಾಯಮ್ಮಂಗೆ ಫೋನ್ ಮಾಡಿ ಒಂದೊಂದೇ ಅಕ್ಷರ ಹೇಳಿ. ಅವಳು ಒತ್ತುತ್ತಾಳೆ. ತೆರೆದ ಮೇಲೆ ಫೋಟೊಗಳನ್ನ ನಾನು ಇಲ್ಲಿಂದಲೇ ಕಳಿಸ್ತೀನಿ."

"ಫೋನಲ್ಲಿ ಹೇಳಲ್ಲ."

"ಒಂದೇ ಸಲ ಅಮ್ಮ. ನಾಳೆ ಬದಲಾಯಿಸಿಬಿಡ್ತೀನಿ."

"ಇಪ್ಪತ್ತೆಂಟು ವರ್ಷ ತಂತಿ ಮೇಲೆ ಕೂತಿದ್ದೆ ಮಲ್ಲು. ಯಾರು ಏನು ಕೇಳಿಸಿಕೊಳ್ತಾರೆ ನನಗೆ ಗೊತ್ತು. ಇಲ್ಲಿ ನನ್ನ ಸುತ್ತ ಹತ್ತು ಜನ ನಿಂತಿದ್ದಾರೆ. ಹೇಳಲ್ಲ."

ಊಟದ ಹೊತ್ತು ಮುಗಿಯಿತು. ವಿಚಾರಣೆಯನ್ನು ಆರು ವಾರ ಮುಂದಕ್ಕೆ ಹಾಕಿದರು. ಹೊರಗೆ ಬರುವಾಗ ಗಂಡ ಭಾಗೀರಥಿಯ ಪಕ್ಕಕ್ಕೇ ಬಂದು, ಮುರಿದು ಕೂಡಿದ ಆ ಕೈಯನ್ನೇ ಹಿಡಿದು, ಕಿವಿಯಲ್ಲಿ ಏನೋ ಹೇಳಿದ. ಅವನು ಏನು ಹೇಳಿದ ಎಂದು ಅವಳು ಯಾರಿಗೂ ಹೇಳಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಆ ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದಳು.

ಸಂಜೆ ನಡೆದದ್ದನ್ನೆಲ್ಲ ಕೇಳಿ ತಿಳಿದ ಶಿವಮಲ್ಲು ಬ್ಯಾಟರಿಯನ್ನು ಅಮ್ಮನ ಕಾಲ ಬಳಿ ಧೊಪ್ಪನೆ ಇಟ್ಟ.

"ತಗೊಳ್ಳಿ. ಇನ್ನು ಹತ್ತು ನಿಮಿಷದ ಬದಲು ನಲವತ್ತು ನಿಮಿಷ ಬರುತ್ತೆ. ಅವಳಿಗೆ ಇವತ್ತು ಬೇಕಾಗಿದ್ದದ್ದು ಒಂದು ನಿಮಿಷ."

ಅಮ್ಮ ಬ್ಯಾಟರಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿದರು.

"ಯಾರನ್ನ ಕಾಪಾಡೋಕೆ ಆ ಬೀಗ? ಅವಳನ್ನ ತಾನೆ? ಅವಳ ಸಾಕ್ಷಿ ಅವಳಿಗೇ ಸಿಗಲಿಲ್ಲ. ನಿಮ್ಮ ಹಟಕ್ಕೆ ಅವಳು ಮತ್ತೆ ಅವನ ಕೈಗೆ ಸಿಕ್ಕಳು."

"ಬೈದು ಮುಗೀತಾ?"

"ಇಲ್ಲ."

"ಮುಗಿದ ಮೇಲೆ ಊಟ ಮಾಡು," ಅಂದು ಅಮ್ಮ ಒಳಗೆ ಹೋದರು.

ಅವನು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ತೋಟದಲ್ಲಿದ್ದಾಗ ಉಗ್ರಾಣಕ್ಕೆ ಹೋಗಿ ಪೆಟ್ಟಿಗೆಯ ಮುಂದೆ ಕೂತ.

ಅವನು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಡಿಸ್ಕಿನ ಬೀಗಕ್ಕೆ ಇನ್ನೊಂದು ಕೀಲಿ ಮಾಡಿದ. ಪೆಟ್ಟಿಗೆ ಏಳುವಾಗ ಮೊದಲು ಓದುವ, ಬೀಗವಿಲ್ಲದ ಒಂದು ಸಣ್ಣ ಭಾಗ ಅದೇ ಡಿಸ್ಕಿನಲ್ಲಿತ್ತು. ಆ ಕೀಲಿಯನ್ನು ಒಂದು ಫೈಲಾಗಿ ಅಲ್ಲಿಟ್ಟ. ಎದ್ದಾಗ ಯಾರನ್ನೂ ಕೇಳದೆ ಅದನ್ನೇ ತೆಗೆದುಕೊಂಡು ಬೀಗ ತೆರೆ ಎಂದು ಬರೆದ. ಕಾಲು ತಾಸಿನಲ್ಲಿ ಮುಗಿಯಿತು.

ಕರೆಂಟ್ ತೆಗೆದು ಹಾಕಿ ನೋಡಿದ. ಪೆಟ್ಟಿಗೆ ಎದ್ದಿತು, ನಿಲ್ಲಲಿಲ್ಲ, ತೆರೆಯಿತು. ಅವನಿಗೆ ಗೆದ್ದ ಹಾಗಾಯಿತು.

ಅಮ್ಮನಿಗೆ ಹೇಳಲಿಲ್ಲ. ಕರೆಂಟ್ ಹೋಗಿ ಬಂದಾಗೆಲ್ಲ ಉಗ್ರಾಣಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಸ್ವಲ್ಪ ಹೊತ್ತು ರಾಗಿ ಮೂಟೆಯ ಮೇಲೆ ಕೂತು ಹೊರಬರುತ್ತಿದ್ದ. ಒಂದು ವಾರ ಹಾಗೆ ಮಾಡಿದ. ಆಮೇಲೆ ಅದನ್ನೂ ಬಿಟ್ಟ.

ಒಂದು ದಿನ ಅಮ್ಮ ಕೇಳಿದರು. "ಈಗೀಗ ಗೊಣಗೋದು ಕಮ್ಮಿಯಾಗಿದೆ?"

"ಅಭ್ಯಾಸ ಆಯಿತು ಅಮ್ಮ."

ಅಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮತ್ತೆ ಕೇಳಲಿಲ್ಲ.

ಮುಂದಿನ ವಿಚಾರಣೆಗೆ ಒಂಬತ್ತು ದಿನ ಉಳಿದಿತ್ತು. ಆವತ್ತು ಬಿಸಿಲು ಚೆನ್ನಾಗಿದೆಯೆಂದು ಆಶ್ರಮದ ಕಂಬಳಿಗಳನ್ನೆಲ್ಲ ಹೊಳೆಗೆ ಒಯ್ದಿದ್ದರು. ಅಮ್ಮ, ಶಿವಮಲ್ಲು, ಇದ್ದ ಆರು ಜನ ಹೆಂಗಸರು ಎಲ್ಲರೂ ಅಲ್ಲೇ. ಮಧ್ಯಾಹ್ನ ತಿರುಗಿ ಬಂದಾಗ ಉಗ್ರಾಣದ ಬಾಗಿಲು ತೆರೆದಿತ್ತು. ಪೆಟ್ಟಿಗೆ ಇದ್ದ ಜಾಗದಲ್ಲಿ ಧೂಳಿನ ಚೌಕ ಮಾತ್ರ ಇತ್ತು. ವಾರಕ್ಕೊಮ್ಮೆ ಪ್ರತಿ ಇಳಿಸಲು ಪಕ್ಕದಲ್ಲೇ ಸಿಕ್ಕಿಸಿದ್ದ ಇನ್ನೊಂದು ಡಿಸ್ಕೂ ಹೋಗಿತ್ತು.

ಚಿಕ್ಕತಾಯಮ್ಮ ಅಡುಗೆಮನೆಯಿಂದ ಬಂದಳು.

"ರಿಪೇರಿಯವರು ತಗೊಂಡೋದರಲ್ಲ. ಶಿವಮಲ್ಲು ಕಳಿಸವ್ನೆ ಅಂದರು. ಹೆಸರು ಹೇಳಿದರು, ಅದಕ್ಕೇ ಬಾಗಿಲು ತೆಗೆದೆ."

"ಯಾವುದರಲ್ಲಿ ಬಂದರು?" ಅಂದರು ಅಮ್ಮ.

"ವ್ಯಾನು. ಸಿಮೆಂಟ್ ಧೂಳು ಮೆತ್ಕೊಂಡಿತ್ತು. ಒಳಗೊಬ್ಬ ಕೂತಿದ್ದ, ಇಳೀಲಿಲ್ಲ."

ಯಾರೆಂದು ಎಲ್ಲರಿಗೂ ತಿಳಿಯಿತು. ಚಿಕ್ಕತಾಯಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಅಳತೊಡಗಿದಳು.

"ಅಳಬೇಡ," ಅಂದರು ಅಮ್ಮ. "ಯಂತ್ರ ಹೋದರೆ ಹೋಗಲಿ. ಅದು ಬಾಯಿ ಬಿಡಲ್ಲ. ಪಾಸ್‌ವರ್ಡ್ ಇಲ್ಲದೆ ಅವನ ಅಪ್ಪನ ಕೈಲೂ ಅದನ್ನ ತೆರೆಯೋಕಾಗಲ್ಲ. ಪೊಲೀಸಿಗೆ ಹೇಳೋಣ. ಮೊದಲು ಎಲ್ಲರಿಗೂ ಒಂದೊಂದು ಲೋಟ ಮಜ್ಜಿಗೆ ಕೊಡು."

ಹೆಂಗಸರು ಉಸಿರು ಬಿಟ್ಟರು. ಒಬ್ಬಳು ಜಗುಲಿಯ ಮೇಲೆ ಕೂತಳು. ಮಜ್ಜಿಗೆ ಬಂತು.

ಶಿವಮಲ್ಲು ಲೋಟ ಹಿಡಿದು ನಿಂತಿದ್ದ. ಈಗ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಪೆಟ್ಟಿಗೆ ಹೊಳೆಗೋ ಗುಜರಿಗೋ ಬೀಳಬಹುದು. ಅವರು ಅದನ್ನು ಸಿಕ್ಕಿಸಿ ನೋಡದೆಯೂ ಇರಬಹುದು. ಹಾಗೆ ಅಂದುಕೊಳ್ಳುತ್ತ ಅರ್ಧ ಲೋಟ ಕುಡಿದ. ಲೋಟವನ್ನು ಜಗುಲಿಯ ಮೇಲಿಟ್ಟ.

"ಅಮ್ಮ, ಅದು ತೆರೆಯುತ್ತೆ."

"ಏನಂದೆ?"

"ತಾನಾಗೇ ತೆರೆಯುತ್ತೆ. ಕೀಲಿ ಒಳಗೇ ಇದೆ. ನಾನೇ ಇಟ್ಟಿದ್ದೆ. ಕರೆಂಟ್ ಕೊಟ್ಟರೆ ಸಾಕು. ಸ್ವಲ್ಪ ತಿಳಿದ ರಿಪೇರಿಯವನು ಒಬ್ಬನಿದ್ದರೆ ಅರ್ಧ ತಾಸಿನಲ್ಲಿ ಎಲ್ಲ ಓದ್ತಾನೆ."

"ಯಾವಾಗ ಇಟ್ಟೆ?"

"ಕೋರ್ಟಿನ ಮರುದಿನ."

ಅಮ್ಮ ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಎಸೆದರು. ಮಜ್ಜಿಗೆ ಗೋಡೆಯ ಮೇಲಿಂದ ಇಳಿಯಿತು. ಲೋಟ ಅಂಗಳದ ತುದಿಯವರೆಗೆ ಉರುಳಿ ನಿಂತಿತು.

"ಈಗ ಇಷ್ಟು ಸಾಕು," ಅಂದರು. "ಮಿಕ್ಕಿದ್ದು ಆಮೇಲೆ. ಫೋನ್ ತಗೊ."

"ನಂಬರುಗಳೆಲ್ಲ ಅದರಲ್ಲೇ ಇದ್ದವು ಅಮ್ಮ."

"ನಿನಗೆ ಅದರಲ್ಲಿದ್ದವು. ಒತ್ತು ನೀನು. ನಾನು ಹೇಳ್ತೀನಿ."

ಅಮ್ಮ ಕಣ್ಣು ಮುಚ್ಚಿ ಜಗುಲಿಯ ಕಂಬಕ್ಕೆ ಒರಗಿ ಕೂತರು. ನಲವತ್ತೊಂದು ಹೆಂಗಸರು. ನಲವತ್ತೊಂದು ನಂಬರುಗಳನ್ನು ಒಂದಾದ ಮೇಲೊಂದು ಬಾಯಲ್ಲಿ ಹೇಳಿದರು. ಮೊದಲನೆಯದು ಭಾಗೀರಥಿಯದು.

"ನೀನೇ ಮಾತಾಡು," ಅಂದರು.

"ನಾನಾ?"

"ಮತ್ತೆ ಯಾರು?"

ಭಾಗೀರಥಿ ಫೋನ್ ಎತ್ತಿದಳು. ಹಿಂದೆ ಹೊಲಿಗೆ ಯಂತ್ರಗಳ ಸದ್ದು.

"ಹೇಳಿ ಅಣ್ಣ."

ಅವನು ಹೇಳಿದ. ಪೆಟ್ಟಿಗೆ ಕದ್ದಿದ್ದಾರೆ. ನಿನ್ನ ವಿಳಾಸ ಅವನಿಗೆ ಸಿಗುತ್ತೆ, ಬಹುಶಃ ಈಗಾಗಲೇ ಸಿಕ್ಕಿದೆ. ನನ್ನ ತಪ್ಪಿನಿಂದ. ಮಗಳನ್ನು ಶಾಲೆಯಿಂದ ಕರೆದುಕೊಂಡು ನೇರ ಬಸ್ ಹತ್ತು. ಮನೆಗೆ ಹೋಗಬೇಡ.

"ಮನೆಗೆ ಹೋಗಬೇಡ ಅಂದರೆ? ಅವಳ ಪುಸ್ತಕ, ಬಟ್ಟೆ ಎಲ್ಲ ಅಲ್ಲಿದೆ."

"ಹೋಗಬೇಡ ತಾಯಿ."

ಅವಳು ಫೋನ್ ಇಟ್ಟಳು.

ಉಳಿದ ನಲವತ್ತು ಕರೆಗಳನ್ನೂ ಅವನೇ ಮಾಡಿದ. ದೀಪ ಹಚ್ಚುವ ಹೊತ್ತಿನವರೆಗೆ ಮಾಡಿದ. ಕೆಲವರು ಅತ್ತರು. ಕೆಲವರು ಬೈದರು. ಒಬ್ಬ ವಯಸ್ಸಾದ ಹೆಂಗಸು, "ಇನ್ನು ಎಷ್ಟು ಸಲ ಓಡಲಪ್ಪ ನಾನು," ಎಂದು ಕೇಳಿ ಉತ್ತರಕ್ಕೆ ಕಾದಳು. ಇನ್ನೊಬ್ಬಳು, "ನಿನ್ನ ಹೆಸರೇನು ಅಂದೆ? ಸರಿಯಾಗಿ ಹೇಳು, ನೆನಪಿಟ್ಟುಕೊಳ್ತೀನಿ," ಅಂದಳು. ಅವನು ಸರಿಯಾಗಿ ಹೇಳಿದ.

ಆವತ್ತೇ ಸಂಜೆ ಗಂಡ ಭಾಗೀರಥಿಯ ಕೋಣೆಗೆ ಹೋಗಿ ಬಾಗಿಲು ಒಡೆದ. ಒಳಗೆ ಯಾರೂ ಇರಲಿಲ್ಲ. ಮಡಚಿಟ್ಟ ಬಟ್ಟೆ, ಪಾತ್ರೆ, ಮಗಳ ಪುಸ್ತಕ ಎಲ್ಲವನ್ನೂ ರಸ್ತೆಗೆ ಎಸೆದ. ಅಕ್ಕಪಕ್ಕದವರು ಪೊಲೀಸರನ್ನು ಕರೆದರು. ಮೂರು ದಿನಕ್ಕೆ ಅವನ ಷಡ್ಡಕನ ರಿಪೇರಿ ಅಂಗಡಿಯಲ್ಲಿ ಪೆಟ್ಟಿಗೆಯೂ ಸಿಕ್ಕಿತು. ತೆರೆದೇ ಇತ್ತು.

ವಿಚಾರಣೆಯ ದಿನ ಬಂದಾಗ ನ್ಯಾಯಾಧೀಶರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆದೇಶ ಸಿಕ್ಕಿತು. ಆದರೆ ಭಾಗೀರಥಿಯ ಕೆಲಸ ಹೋಗಿತ್ತು, ಕೋಣೆ ಹೋಗಿತ್ತು. ಮಗಳು ಪರೀಕ್ಷೆ ಬರೆಯಲಿಲ್ಲ. ಇಬ್ಬರೂ ಆಶ್ರಮಕ್ಕೇ ಮರಳಿದ್ದರು. ನಲವತ್ತೊಂದು ಜನರಲ್ಲಿ ಹದಿನೇಳು ಮಂದಿ ಊರು ಬಿಟ್ಟು ಊರಿಗೆ ಹೋಗಬೇಕಾಯಿತು. ಉಳಿದವರು ಇದ್ದಲ್ಲೇ ಇದ್ದರು. ಆದರೆ ಬಾಗಿಲು ತಟ್ಟಿದರೆ ಈಗ ಅವರು ತಕ್ಷಣ ತೆಗೆಯುವುದಿಲ್ಲ.

ಶಿವಮಲ್ಲು ಕಾಯುತ್ತಿದ್ದ. ಒಂದು ವಾರ ಕಾದ. ಅಮ್ಮ ಅವನ ಜೊತೆ ಕಟ್ಟಿಗೆ, ನೀರು, ಪೊಲೀಸ್ ಸ್ಟೇಷನ್ ಇಷ್ಟರದ್ದೇ ಮಾತಾಡುತ್ತಿದ್ದರು.

ಕೊನೆಗೆ ಅವನೇ ಹೋಗಿ ನಿಂತ.

"ಅಮ್ಮ, ಮಿಕ್ಕಿದ್ದು ಆಮೇಲೆ ಅಂದಿದ್ದಿರಿ."

"ಹೌದು."

"ಬೈದುಬಿಡಿ. ಹೋಗು ಅಂದರೆ ಹೋಗ್ತೀನಿ. ಹೀಗೆ ಇರೋಕಾಗಲ್ಲ."

"ನಿನಗೆ ಹಗುರ ಆಗಲಿ ಅಂತ ನಾನು ಬೈಬೇಕಾ? ನನ್ನ ಕೋಪ ನಿನಗೆ ಸುಲಭ ಕಣೋ. ತಾಯಿ ಬೈದ ಹಾಗೆ ಬೈಸಿಕೊಂಡು ಊಟಕ್ಕೆ ಕೂರ್ತೀಯ. ಹೋಗು, ಅಲ್ಲಿ ಕೂತಿದ್ದಾಳಲ್ಲ, ಅವಳ ಹತ್ತಿರ ಹೋಗು."

ಭಾಗೀರಥಿ ಹಿತ್ತಲಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ಅವನು ಎದುರು ಕೂತ. ಅವಳು ತಲೆ ಎತ್ತಲಿಲ್ಲ.

"ಕ್ಷಮಿಸು ತಾಯಿ."

"ಆಗಲ್ಲ."

ಅವನು ಮೊರದಿಂದ ಒಂದು ಕಾಯಿ ಎತ್ತಿಕೊಂಡು ಬಿಡಿಸಿದ.

"ಆ ಕೋರ್ಟಿನ ದಿನ ನಿನಗಾದದ್ದು ಕೇಳಿ ನನ್ನ ಹೊಟ್ಟೆ ಉರಿದುಹೋಯಿತು. ನಿನಗೋಸ್ಕರವೇ ಮಾಡಿದೆ ನಾನು."

ಈಗ ಅವಳು ತಲೆ ಎತ್ತಿದಳು.

"ನನಗೋಸ್ಕರ ಮಾಡೋನು ನನ್ನ ಕೇಳ್ತಿದ್ದ. ಅದರಲ್ಲಿದ್ದದ್ದು ನನ್ನ ಕೈ, ನನ್ನ ಮಗಳು, ನನ್ನ ಮನೆ. ಕೀಲಿ ಎಲ್ಲಿಡಲಿ ಅಂತ ಒಂದು ಮಾತು ಕೇಳಿದೆಯಾ? ನನ್ನ ಗಂಡನೂ ಎಲ್ಲ ನನಗೋಸ್ಕರವೇ ಮಾಡ್ತಿದ್ದ."

ಅವಳು ಅವನನ್ನು ಅಣ್ಣ ಅನ್ನಲಿಲ್ಲ. ಸಿಪ್ಪೆಯ ಮೊರ ಎತ್ತಿಕೊಂಡು ಎದ್ದು ಹೋದಳು.

ಅವನು ದಡದಡನೆ ಅಮ್ಮನ ಹತ್ತಿರ ಬಂದ.

"ನನ್ನನ್ನ ಅವನ ಜೊತೆ ಸೇರಿಸಿಬಿಟ್ಟಳು ಅಮ್ಮ. ಕೈ ಮುರಿದವನ ಜೊತೆ."

"ಸೇರಿಸಿದಳಾ?"

"ನಾನೂ ಅವನೂ ಒಂದೇನಾ?"

"ಅಲ್ಲ," ಅಂದರು ಅಮ್ಮ. "ಆದರೆ ಅದನ್ನ ನಾನು ಹೇಳಿದರೆ ಆಗಲ್ಲ, ನೀನು ಹೇಳಿದರೂ ಆಗಲ್ಲ."

ಅವನು ಹೊಳೆಯ ಕಡೆ ಹೋದ. ಆವತ್ತು ಕಲ್ಲು ಬೀರಲಿಲ್ಲ. ಸುಮ್ಮನೆ ಮೆಟ್ಟಿಲ ಮೇಲೆ ಕೂತಿದ್ದು ಬಂದ.

ಹೊಸ ಪೆಟ್ಟಿಗೆ ಬಂತು. ಶಿವಮಲ್ಲು ಅಮ್ಮನ ಮುಂದೆ ಕೈಕಟ್ಟಿ ನಿಂತ.

"ಇನ್ನು ಸಾಯೋವರೆಗೂ ಕೈಯಲ್ಲೇ ಒತ್ತುತ್ತೀನಿ ಅಮ್ಮ. ದಿನಕ್ಕೆ ಇಪ್ಪತ್ತು ಸಲ ಆದರೂ ಸರಿ. ಅದೇ ನನಗೆ ಪ್ರಾಯಶ್ಚಿತ್ತ."

"ಪ್ರಾಯಶ್ಚಿತ್ತ ನಿನಗೆ. ಅವಳಿಗೇನು?" ಅಮ್ಮನ ದನಿ ಏರಿತು. "ನಾಳೆ ಇನ್ನೊಬ್ಬಳಿಗೆ ಕೋರ್ಟು ಬರುತ್ತೆ. ಕರೆಂಟ್ ಹೋಗುತ್ತೆ. ನೀನು ಮತ್ತೆ ಮೈಸೂರಲ್ಲಿರ್ತೀಯ, ನಾನು ಇನ್ನೆಲ್ಲೋ ಇರ್ತೀನಿ. ಮತ್ತೆ ಅವಳು ಬರಿಗೈಯಲ್ಲಿ ನಿಲ್ಲಬೇಕಾ?"

"ಮತ್ತೆ ಫೋನಲ್ಲಿ ಹೇಳಬಹುದಿತ್ತು ಅಂತೀರಾ?"

"ಹೇಳಬಾರದಿತ್ತು. ಹೇಳದೇ ಇದ್ದದ್ದು ಸರಿ. ನೀನು ಬೈದದ್ದೂ ಸರಿ. ಮೂಲ ಪ್ರತಿಗಳನ್ನ ಹಿಂದಿನ ದಿನವೇ ವಕೀಲರ ಕೈಗೆ ಕೊಡದೇ ಇದ್ದದ್ದು ನನ್ನ ತಪ್ಪು. ಅದನ್ನ ಅವಳಿಗೆ ಹೇಳಿದ್ದೀನಿ. ಅವಳು ನನ್ನನ್ನೂ ಕ್ಷಮಿಸಿಲ್ಲ."

ಅವನಿಗೆ ಇದು ಗೊತ್ತಿರಲಿಲ್ಲ.

"ಹಾಗಾದರೆ ಏನು ಮಾಡಲಿ?"

"ತಾನಾಗೇ ತೆರೀಬೇಕು. ಕದ್ದವನಿಗೆ ತೆರೀಬಾರದು."

"ಅದಕ್ಕೆ ಹೇಗೆ ಗೊತ್ತಾಗುತ್ತೆ, ಕದ್ದಿದ್ದಾರೆ ಅಂತ?"

"ನನಗೇನು ಗೊತ್ತು? ಕಂಪ್ಯೂಟರ್ ಬರುತ್ತೆ ಅಂದಿದ್ದು ನೀನು."

ಅವನು ಹನ್ನೊಂದು ದಿನ ಉಗ್ರಾಣದಲ್ಲಿ ಕೂತ. ಹನ್ನೆರಡನೆಯ ದಿನ ಹೊರಗೆ ಬಂದು ಅಮ್ಮನನ್ನು ಕರೆದ. ಆಮೇಲೆ ಸ್ವಲ್ಪ ತಡೆದು ಭಾಗೀರಥಿಯನ್ನೂ ಕರೆದ.

ಅವನ ಅಂಗೈಯಲ್ಲಿ ಸಾಬೂನಿನ ತುಂಡಿನಷ್ಟು ದೊಡ್ಡ ಒಂದು ಯಂತ್ರವಿತ್ತು.

"ಇದು ಜೊತೆಯದು," ಅಂದ. "ಕೀಲಿ ಈಗ ಪೆಟ್ಟಿಗೆಯಲ್ಲಿಲ್ಲ. ಇದರಲ್ಲೂ ಇಲ್ಲ. ಪೆಟ್ಟಿಗೆ ಎದ್ದಾಗ ಆಶ್ರಮದ ವೈಫೈ ಮೇಲೆ ಇದನ್ನ ಕೂಗುತ್ತೆ. ಇದು ಓಗೊಟ್ಟರೆ ಇಬ್ಬರೂ ಸೇರಿ ಕೀಲಿ ಮಾಡ್ಕೊಳ್ತಾರೆ. ಓಗೊಡದಿದ್ದರೆ ಪೆಟ್ಟಿಗೆ ಸುಮ್ಮನೆ ಕೂರುತ್ತೆ. ಹೊತ್ತುಕೊಂಡು ಹೋದವನಿಗೆ ಬರೀ ಕಸ ಸಿಗುತ್ತೆ."

"ಇದನ್ನೂ ಹೊತ್ತುಕೊಂಡು ಹೋದರೆ?" ಭಾಗೀರಥಿ ಕೇಳಿದಳು. ಹಿತ್ತಲಿನ ಆ ದಿನದ ಮೇಲೆ ಅವನ ಜೊತೆ ಅವಳು ಆಡಿದ ಮೊದಲ ಮಾತು ಅದು.

"ಅದಕ್ಕೇ ಇದನ್ನ ಬೇರೆ ಕಡೆ ಬಚ್ಚಿಡಬೇಕು. ವೈಫೈ ಮುಟ್ಟೋ ಕಡೆ ಎಲ್ಲಾದರೂ ಸರಿ. ಸಣ್ಣ ಬ್ಯಾಟರಿ ಹಾಕಿದ್ದೀನಿ."

"ತೋರಿಸು," ಅಂದರು ಅಮ್ಮ.

ಸಣ್ಣ ಯಂತ್ರವನ್ನು ಆಶ್ರಮದಲ್ಲೇ ಬಿಟ್ಟು, ಪೆಟ್ಟಿಗೆಯನ್ನು ಹೊತ್ತು ರಸ್ತೆಯಾಚೆ ಚಿಕ್ಕತಾಯಮ್ಮನ ಮನೆಗೆ ಒಯ್ದರು. ಅಲ್ಲಿ ಕರೆಂಟ್ ಕೊಟ್ಟರು. ಅದು ಎದ್ದಿತು, ಕೂಗಿತು, ಕಾದಿತು. ಅರ್ಧ ತಾಸಾದರೂ ತೆರೆಯಲಿಲ್ಲ. ತಿರುಗಿ ಉಗ್ರಾಣಕ್ಕೆ ತಂದು ಕರೆಂಟ್ ಕೊಟ್ಟರು. ಒಂದು ನಿಮಿಷದಲ್ಲಿ ತೆರೆಯಿತು.

ಶಿವಮಲ್ಲು ಹೊಸದೊಂದು ಪಾಸ್‌ವರ್ಡ್ ಕೂಡ ಇರಲಿ ಅಂದ, ಜೊತೆಯ ಯಂತ್ರ ಕೆಟ್ಟರೆ ಬೇಕಾಗುತ್ತೆ. ಅಮ್ಮ ಕೂತು ಒತ್ತಿದರು. ಭಾಗೀರಥಿ ಪಕ್ಕದಲ್ಲಿ ನಿಂತು ಅದನ್ನು ಕಲಿತಳು. ಶಿವಮಲ್ಲು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಯಾರೂ ಅವನಿಗೆ ಹಾಗೆ ನಿಲ್ಲು ಎಂದಿರಲಿಲ್ಲ.

"ಇದನ್ನ ನಾನೇ ಬಚ್ಚಿಡ್ತೀನಿ," ಎಂದು ಅವನು ಸಣ್ಣ ಯಂತ್ರವನ್ನು ಎತ್ತಿಕೊಂಡ.

ಭಾಗೀರಥಿ ಕೈ ಚಾಚಿದಳು.

"ಕೊಡಿ ಇಲ್ಲಿ."

ಅವನು ಅಮ್ಮನ ಕಡೆ ನೋಡಿದ. ಅಮ್ಮ ಬೇರೆ ಕಡೆ ನೋಡುತ್ತಿದ್ದರು. ಅವನು ಕೊಟ್ಟ.

ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಸಂಜೆ ಬರಿಗೈಯಲ್ಲಿ ಬಂದಳು. ಎಲ್ಲಿಟ್ಟಳು ಎಂದು ಹೇಳಲಿಲ್ಲ.

ಮರುದಿನವೂ ಹೇಳಲಿಲ್ಲ. ಒಂದು ವಾರವಾಯಿತು. ಶಿವಮಲ್ಲುವಿನ ಎದೆಯಲ್ಲಿ ಹಳೆಯ ಕೋಪ ಕುದಿಯತೊಡಗಿತು. ಕಟ್ಟಿದವನು ನಾನು. ಹನ್ನೊಂದು ದಿನ ಬೆನ್ನು ಬಗ್ಗಿಸಿದವನು ನಾನು. ನನಗೇ ತಿಳಿಯಬಾರದೆಂದರೆ ನಾನಿಲ್ಲಿ ಯಾರು?

ಹುಡುಕುವುದು ಅವನಿಗೆ ಕಷ್ಟವಿರಲಿಲ್ಲ. ಯಂತ್ರದ ವೈಫೈ ಅಲೆ ಎಲ್ಲಿ ಜೋರಾಗಿದೆ ಎಂದು ಫೋನಿನಲ್ಲೇ ನೋಡಬಹುದು. ಒಂದು ಬೆಳಿಗ್ಗೆ ಫೋನ್ ಹಿಡಿದು ಅಂಗಳಕ್ಕಿಳಿದ. ಹಿತ್ತಲ ಕಡೆ ನಡೆದರೆ ಫೋನಿನ ಪರದೆಯಲ್ಲಿ ಅಲೆಯ ಗೆರೆ ಏರಿತು. ಕೊಟ್ಟಿಗೆಯ ಕಡೆ ತಿರುಗಿದರೆ ಇನ್ನೂ ಏರಿತು. ಇನ್ನು ಇಪ್ಪತ್ತು ಹೆಜ್ಜೆ ನಡೆದರೆ ಸಿಗುತ್ತಿತ್ತು.

ಕೊಟ್ಟಿಗೆಯ ಹತ್ತಿರ ಭಾಗೀರಥಿಯ ಮಗಳು ನೆಲದ ಮೇಲೆ ಕೂತು ಹೊಸ ಪುಸ್ತಕಗಳಿಗೆ ಹಳೇ ಪೇಪರಿನ ಹೊದಿಕೆ ಹಾಕುತ್ತಿದ್ದಳು. ಅವನನ್ನು ಕಂಡೊಡನೆ ಪುಸ್ತಕಗಳನ್ನೆಲ್ಲ ಬಾಚಿ ತೊಡೆಯ ಮೇಲೆ ಎಳೆದುಕೊಂಡಳು.

ಅವನು ನಿಂತ. ಫೋನ್ ಆರಿಸಿ ಜೇಬಿಗೆ ಹಾಕಿಕೊಂಡು ತಿರುಗಿದ.

ಅಮ್ಮ ಜಗುಲಿಯಲ್ಲಿ ರಾಗಿ ಆರಿಸುತ್ತಿದ್ದರು. ಅವನು ಎದುರು ನಿಂತ.

"ಅಮ್ಮ, ಅವಳು ನನಗೆ ಯಾವತ್ತೂ ಹೇಳಲ್ಲ ಅಲ್ಲವಾ?"

"ಹೇಳದೇ ಇರಬಹುದು."

"ನನ್ನನ್ನ ನಂಬಲ್ಲ."

"ಇಲ್ಲ."

"ನಾನೇ ಕಟ್ಟಿದ್ದು ಅದು."

"ನೀನೇ ಕಟ್ಟಿದ್ದು."

ಆ ಹೊತ್ತಿಗೆ ಕರೆಂಟ್ ಹೋಯಿತು. ಅಡುಗೆಮನೆಯ ರುಬ್ಬುವ ಯಂತ್ರ ನಿಂತಿತು. ಆವತ್ತು ದೀರ್ಘವಾಗಿ ಹೋಯಿತು. ಶಿವಮಲ್ಲು ಪಕ್ಕದಲ್ಲಿ ಕೂತ. ಇಬ್ಬರೂ ಒಂದು ಮೊರ ರಾಗಿ ಆರಿಸಿದರು, ಎರಡನೆಯದೂ ಆರಿಸಿದರು. ಉಗ್ರಾಣದಲ್ಲಿ ಯುಪಿಎಸ್ ಕೀಚಲು ಸದ್ದು ಮಾಡಿ ಕೈಬಿಟ್ಟಿತು. ಮತ್ತೆ ಸ್ವಲ್ಪ ಹೊತ್ತಿಗೆ ರುಬ್ಬುವ ಯಂತ್ರ ತಿರುಗತೊಡಗಿತು.

ಶಿವಮಲ್ಲು ಎದ್ದು ಉಗ್ರಾಣಕ್ಕೆ ಹೋದ. ನೋಡಿ ತಿರುಗಿ ಬಂದ.

"ತೆರೀತಾ?" ಅಂದರು ಅಮ್ಮ.

"ತೆರೀತು."

"ಮತ್ತೆ ನಿನಗೇನು ಬೇಕು?"